ಕೈಯಲ್ಲೊಂದು ಕುಡ್ಲು, ಊರ ಸುತ್ತ ನಡಿಗೆ

ಹಳ್ಳಿಯಲ್ಲಿ ಸುಮ್ನೆ ನಡೆಯೋದು ಕಷ್ಟ. ಕಾಲು ನೋಯುತ್ತದೆ ಅಂತಲ್ಲ, ಕಂಡವರೆಲ್ಲ ನಿಲ್ಲಿಸಿ ಕೇಳುತ್ತಾರೆ. "ಎತ್ಲಾಗ್ ಹೊಂಟೆ?" ಎಲ್ಲೂ ಇಲ್ಲ, ಸುಮ್ನೆ ವಾಕಿಂಗು ಅಂದರೆ ಇವನಿಗೆ ಏನೋ ಆಗಿದೆ ಅನ್ನೋ ಹಾಗೆ ನೋಡುತ್ತಾರೆ. ಒಬ್ಬರಂತೂ "ಎಮ್ಮೆ ಕಳ್ಕೊಂಡ್ಯೇನಪ್ಪಾ?" ಅಂತ ನಿಜವಾಗಲೂ ಮರುಕದಿಂದ ಕೇಳಿದ್ದರು.

2020ರ ಮಾರ್ಚ್ 21ರ ರಾತ್ರಿ ಬೆಂಗಳೂರಿನಿಂದ ತಿಪಟೂರು ಕಡೆಯ ನಮ್ಮೂರಿಗೆ ಬಂದೆ. ಮಾರನೇ ದಿನ ಜನತಾ ಕರ್ಫ್ಯೂ. ಯುಗಾದಿ ಮುಗಿಸಿಕೊಂಡು ವಾಪಸ್ ಹೊರಡೋಣ ಅಂತ ಎರಡು ಜೊತೆ ಬಟ್ಟೆ ತಂದಿದ್ದೆ ಅಷ್ಟೇ. 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಲಾಕ್‌ಡೌನ್ ಅಂದರು. ಬೆಳಗಾದರೆ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಊರ ಬಾಗಿಲಿಗೆ ಜಾಲಿ ಮುಳ್ಳು ಬಿದ್ದಿತ್ತು.

ನಾನು ಮುಳ್ಳಿನ ಒಳಗಡೆಯೇ ಇದ್ದೆ, ನಿಜ. ಆದರೆ 'ಬೆಂಗಳೂರಿಂದ ಬಂದವನು.' ಅರಳಿಕಟ್ಟೆಗೆ ಹೋದರೆ ಕೂತವರು ಎದ್ದು ಹೋಗುತ್ತಿದ್ದರು. ಅಪ್ಪ ಮೆತ್ತಗೆ ಹೇಳಿದರು, ಹದಿನಾಲ್ಕು ದಿನ ತೋಟದ ಮನೇಲಿ ಇದ್ದುಬಿಡು ಅಂತ. ಬೇಜಾರಾಯಿತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಅನ್ನಿ.

ವರ್ಷ ತೊಡಕಿನ ದಿನ ಬೆಳಗ್ಗೆ ನಡೆಯೋಕೆ ಶುರು ಮಾಡಿದೆ. ಆವತ್ತು ಮಾಡಿದ್ದನ್ನೇ ವರ್ಷವಿಡೀ ಮಾಡ್ತೀವಿ ಅಂತಾರಲ್ಲ, ಆ ಲೆಕ್ಕದಲ್ಲಿ ಅಲ್ಲ. ತೋಟದ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಆಫೀಸಿಗೆ ಒಂದು ಮೆಸೇಜ್ ಕಳಿಸಬೇಕಾದರೂ ಕೆರೆ ಏರಿ ಹತ್ತಬೇಕಿತ್ತು. ಐದೂವರೆಗೆ ಎದ್ದರೆ ಇನ್ನೂ ಕತ್ತಲು. ಆಗ್ನೇಯದಲ್ಲಿ ಗುರು, ಮಂಗಳ, ಶನಿ ಮೂರೂ ಒತ್ತೊತ್ತಾಗಿ ನಿಂತಿರುತ್ತಿದ್ದವು. ಏರಿ ಮೇಲಿಂದ ಕೋಡಿ, ಕೋಡಿಯಿಂದ ಗೋಮಾಳ, ಅಲ್ಲಿಂದ ಹೊಂಗೆ ಸಾಲು ಹಿಡಿದು ವಾಪಸ್. ಸುಮಾರು ನಾಲ್ಕು ಕಿಲೋಮೀಟರು.

ಮೂರನೇ ದಿನಕ್ಕೆ ಉಪಾಯ ಸಿಕ್ಕಿತು. ಹಿಂದಿನ ಸಂಜೆ ಅಪ್ಪ ಹುಲ್ಲು ಕೊಯ್ದು ಕುಡ್ಲನ್ನು ಮಾಡಿಗೆ ಸಿಕ್ಕಿಸಿದ್ದರು. ಅದನ್ನು ಕೈಯಲ್ಲಿ ಹಿಡಿದೆ, ಹೆಗಲಿಗೆ ಟವಲು ಹಾಕಿದೆ. ಯಾರೂ ಏನೂ ಕೇಳಲಿಲ್ಲ! ಕುಡ್ಲು ಇದ್ದವನಿಗೆ ಕೆಲಸ ಇದೆ, ಅಷ್ಟೇ. ಬೇಸಾಯದ ಕೆಲಸಕ್ಕೆ ಸರ್ಕಾರವೂ ಅದೇ ವಾರ ವಿನಾಯಿತಿ ಕೊಟ್ಟಿತು. ಹಾಗಾಗಿ ಒಂದು ಹುಲ್ಲುಕಡ್ಡಿಯನ್ನೂ ಕೊಯ್ಯದ ನನ್ನ ಕುಡ್ಲು ಕಾನೂನಿಗೂ ಸರಿಹೋಯಿತು.

ಒಂದೇ ಸುತ್ತು ದಿನಾ ಹೊಡೆದರೆ ವಾರಕ್ಕೆ ಬೇಸರ ಬರುತ್ತದೆ, ಅಲ್ವಾ? ನನಗೂ ಬಂತು. ಆಗ ಫೋನಿನಲ್ಲಿದ್ದ ದಿಶಾಂಕ್ ಆ್ಯಪ್ ತೆರೆದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಗ್ರಾಮ ನಕಾಶೆಯ ಗೆರೆಗಳೂ ಕಾಣುತ್ತವೆ. ಏರಿ ಮೇಲೆ ಸಿಗ್ನಲ್ ಸಿಕ್ಕಾಗ ನೋಡಿಕೊಂಡು ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದೆ. ನಾನು ಮೇಕೆ ಹಾದಿ ಅಂದುಕೊಂಡಿದ್ದು ನಕಾಶೆಯಲ್ಲಿ ಬಂಡಿ ದಾರಿ! ಎರಡೂ ಕಡೆಯವರು ವರ್ಷಕ್ಕೆ ಒಂದೊಂದು ಸಾಲು ಜಾಸ್ತಿ ಉತ್ತು ಉತ್ತು ಅದು ಮೇಕೆಗೆ ಮಾತ್ರ ಆಗುವಷ್ಟು ಉಳಿದಿತ್ತು.

ಅಲ್ಲಿಂದ ಬಾಂದು ಕಲ್ಲು, ಅಂದರೆ ಜಮೀನಿನ ಗಡಿಗೆ ನೆಟ್ಟ ಕಲ್ಲು, ಹುಡುಕುವ ಹುಚ್ಚು ಹತ್ತಿತು. ಫೋನಿನ ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ, ಅದನ್ನು ನಂಬಿ ಅಗೆಯೋಕೆ ಆಗಲ್ಲ. ಕಣ್ಣಿಗೇ ಅಭ್ಯಾಸ ಆಗಬೇಕು. ಲಾಂಟಾನ ಪೊದೆಯ ಬುಡ, ಬದು ತಿರುಗುವ ಮೂಲೆ, ಕತ್ತಾಳೆ ಸಾಲು ಮುಗಿಯುವ ಕಡೆ ನೋಡಬೇಕು. ಕೆಲವು ನೆಲದ ಮೇಲೆ ಗೇಣುದ್ದ ಕಾಣುತ್ತವೆ. ಒಂದನ್ನು ಯಾರೋ ಬಟ್ಟೆ ಒಗೆಯೋಕೆ ಕಿತ್ತುಕೊಂಡು ಹೋಗಿದ್ದರು. ಮೂರು ಊರಿನ ಗಡಿ ಸೇರುವ ಕಲ್ಲಿಗೆ ಮಾತ್ರ ಕುಂಕುಮ, ಒಣಗಿದ ಹೂವು. ಅದು ದೇವರಾಗಿಬಿಟ್ಟಿತ್ತು, ಅದಕ್ಕೇ ಯಾರೂ ಮುಟ್ಟಿರಲಿಲ್ಲ.

ಇದೆಲ್ಲ ಎಷ್ಟು ದಿನ ಗುಟ್ಟಾಗಿರುತ್ತದೆ? ಏಪ್ರಿಲ್ ಎರಡನೇ ವಾರ ಒಂದು ಬೆಳಗ್ಗೆ, ಬದುವಿನ ಮೇಲೆ ಹೆಜ್ಜೆ ಎಣಿಸುತ್ತಿದ್ದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಹಾಗಾದರೆ ನನ್ನ ಎಷ್ಟು ಹೆಜ್ಜೆ ಅಂತ ಸುಮ್ನೆ ಲೆಕ್ಕ. ಹೊಲದವರು ಬಂದೇಬಿಟ್ಟರು. "ಏನು ಅಳೀತಿದೀಯ? ನಿಮ್ಮಪ್ಪ ಕಳಿಸಿದ್ನಾ?" ಹದಿನೈದು ವರ್ಷದ ಹಳೇ ಬದು ಜಗಳ ಒಂದಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಸಂಜೆ ಹೊತ್ತಿಗೆ, ಬೆಂಗಳೂರಿಂದ ಬಂದವನು ಜಮೀನು ಅಳೆಸುತ್ತಿದ್ದಾನೆ ಅಂತ ಊರೆಲ್ಲ ಸುದ್ದಿ. ಅಪ್ಪನೇ ಹೋಗಿ ಸಮಾಧಾನ ಮಾಡಿ ಬಂದರು. ಆಮೇಲೆ ಫೋನನ್ನು ಏರಿ ಮೇಲೆ ಬಿಟ್ಟು ಬೇರೆಲ್ಲೂ ತೆಗೆಯಲಿಲ್ಲ. ನೀವೂ ತೆಗೆಯಬೇಡಿ. ಹೆಜ್ಜೆಯನ್ನಂತೂ ಜೋರಾಗಿ ಎಣಿಸಲೇಬೇಡಿ.

ಅದೇ ಹೊಲದ ಬೀಳು ಮೂಲೆಯಲ್ಲಿ ಟಿಟ್ಟಿಭದ ಮೊಟ್ಟೆ ಕಂಡೆ. ಕಂಡೆ ಏನು, ತುಳಿಯೋದರಲ್ಲಿದ್ದೆ. ಎರಡು ಹಕ್ಕಿಗಳು ತಲೆ ಮೇಲೆ ಕಿರುಚುತ್ತಾ ಸುತ್ತಿದವು. ಕಾಲು ಎತ್ತಿದವನು ಹಾಗೇ ನಿಂತು ನೋಡಿದರೆ, ಅಂಗೈ ಅಗಲದ ಗುಳಿಯಲ್ಲಿ ನಾಲ್ಕು ಮೊಟ್ಟೆ. ಚೂಪು ತುದಿ ಒಳಗೆ ಮಾಡಿಕೊಂಡು ಕೂತಿದ್ದವು. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕಿ. ಗೂಡು ಅಂತ ಏನಿಲ್ಲ, ಸುತ್ತ ನಾಲ್ಕು ಕಲ್ಲು ಚೂರು, ಮೇಕೆ ಹಿಕ್ಕೆ.

ಮರುದಿನದಿಂದ ಇಪ್ಪತ್ತು ಮಾರು ದೂರ ನಿಂತು ನೋಡುತ್ತಿದ್ದೆ. ಬಿಸಿಲು ಏರಿದ ಮೇಲೆ ಒಂದು ಹಕ್ಕಿ ಗೋಕಟ್ಟೆಗೆ ಹೋಗಿ, ನೀರಲ್ಲಿ ಹೊಟ್ಟೆ ಅದ್ದಿ, ಓಡೋಡಿ ಬಂದು ಮೊಟ್ಟೆ ಮೇಲೆ ಕೂರುತ್ತಿತ್ತು. ಕಾವು ಕೊಡೋದಷ್ಟೇ ಗೊತ್ತಿತ್ತು ನನಗೆ. ಬೇಸಿಗೆಯಲ್ಲಿ ಮೊಟ್ಟೆಯನ್ನು ತಣ್ಣಗೂ ಮಾಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ಒಂಬತ್ತು ಗಂಟೆಯ ಆಫೀಸ್ ಕಾಲ್ ಎರಡು ಸಲ ತಪ್ಪಿದ್ದು ಇದರಿಂದಲೇ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟಿತು. ಎರಡೇ ಹದ ಮಳೆ, ಊರೆಲ್ಲ ಹೆಸರು, ಅಲಸಂದೆ ಅಂತ ಟ್ರ್ಯಾಕ್ಟರ್ ಹೂಡಿದರು. ಮಾತು ಬಿಟ್ಟಿದ್ದವರ ಹತ್ತಿರ ಹೋಗಿ ಮೊಟ್ಟೆ ವಿಷಯ ಹೇಳಿದೆ. "ಅಳೆಯಾಕೆ ಬಂದೋನು ಈಗ ಹಕ್ಕಿ ಕಾಯ್ತೀಯಾ?" ಅಂದರು. ಮಾರನೇ ದಿನ ನೋಡಿದರೆ ಹೊಲವೆಲ್ಲ ಕೆಂಪಗೆ ಉತ್ತಿದೆ, ನಡುವೆ ಚಾಪೆ ಅಗಲದ ಬಿಳಿ ನೆಲ ಹಾಗೇ ಉಳಿದಿದೆ. ಹಕ್ಕಿ ಕೂತಿತ್ತು. ಐದು ದಿನ ಆದ ಮೇಲೆ ಗುಳಿ ಖಾಲಿ. ಮರಿ ಆಗಿ ಓಡಿದವೋ, ಕಾಗೆ ಪಾಲಾದವೋ ಗೊತ್ತಾಗಲಿಲ್ಲ. ಟಿಟ್ಟಿಭದ ಮರಿಗಳು ಹುಟ್ಟಿದ ದಿನವೇ ಗೂಡು ಬಿಡುತ್ತವೆ. ಹೊಲದವರು ಮರಿಯೇ ಆಗಿವೆ ಅಂದರು, ತಾವೇ ಕಂಡವರ ಹಾಗೆ.

ಮೇ 19ರಿಂದ ಸರ್ಕಾರಿ ಬಸ್ಸು ಓಡಾಡೋಕೆ ಶುರುವಾದವು. ಜೂನ್ ಮೊದಲ ವಾರ ನಾನೂ ಹೊರಟೆ. ಬೆಂಗಳೂರು ತಲುಪಿ ಬ್ಯಾಗು ಬಿಚ್ಚುವಾಗ ಅಪ್ಪನ ಫೋನು.

"ಕುಡ್ಲು ಎಲ್ಲಿಟ್ಟೆ?"

ಮಾಡಿಗೆ ಸಿಕ್ಕಿಸಿದ್ದೆ ಅಂದೆ. ಅಲ್ಲಿಲ್ಲ ಅಂದರು. ಯೋಚಿಸಿದೆ. ಕೊನೇ ದಿನ ಮೂರೂರ ಗಡಿ ಕಲ್ಲಿನ ಹತ್ತಿರ ಕೂತು ನೀರು ಕುಡಿದಿದ್ದೆ.