ಬಿಸಿಯೂಟದ ಪಂಕ್ತಿ ಬೆರೆಸಿದ ಸೋಡಾ ಮುಚ್ಚಳ: ನನ್ನ ಅನುಭವ

ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನ ಪೀಠಿಕೆ ಓದಿ ‘ಭ್ರಾತೃಭಾವನೆ’ ಎಂದು ಒಕ್ಕೊರಲಿನಿಂದ ಹೇಳುವ ಮಕ್ಕಳೇ ಮಧ್ಯಾಹ್ನ ಬಿಸಿಯೂಟಕ್ಕೆ ಕೇರಿವಾರು ಕೂರುತ್ತಿದ್ದರು. ನಮ್ಮದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ; 53 ಮಕ್ಕಳು, ಇಬ್ಬರು ಶಿಕ್ಷಕರು. ಪರಸ್ಪರ ಗೌರವ ಕಲಿಸುವುದಾದರೆ ಊಟದ ಪಂಕ್ತಿಯಲ್ಲೇ ಕಲಿಸಬೇಕು ಎಂದಾಗ ‘ಊರವರು ಶಾಲೆಗೆ ಬೀಗ ಹಾಕ್ತಾರೆ, ಸುಮ್ಮನಿರಿ’ ಎಂದವರೇ ಹೆಚ್ಚು. ಮಡಕೆಯಿಂದ ಬಣ್ಣದ ಮುಚ್ಚಳ ಎತ್ತಿ, ಬಂದ ಬಣ್ಣದ ಸಾಲಿನಲ್ಲಿ ಊಟಕ್ಕೆ ಕೂರುವ ನಮ್ಮ ಪದ್ಧತಿಗೆ ಈಗ ಎರಡನೇ ವರ್ಷ ನಡೆಯುತ್ತಿದೆ. ಅಂದು ಹಾಗೆ ಹೇಳಿದವರಲ್ಲಿ ಇಬ್ಬರು ಬಂದು ಇದರ ಅಳತೆ ಬರೆದುಕೊಂಡು ಹೋಗಿದ್ದಾರೆ.

ಮೊದಲು ಹಾಜರಿ ಸಂಖ್ಯೆಯ ಪ್ರಕಾರ ಕೂರಿಸಿದೆವು. ಹಾಜರಿ ಪುಸ್ತಕದಲ್ಲಿ ಗಂಡುಮಕ್ಕಳು ಮೊದಲು, ಹೆಣ್ಣುಮಕ್ಕಳು ಆಮೇಲೆ. ಒಂದು ಭೇದ ಹೋಗಿ ಇನ್ನೊಂದು ಬಂತು. ಬಳಿಕ ನಾವೇ ‘ನೀನು ಇಲ್ಲಿ, ನೀನು ಅಲ್ಲಿ’ ಎಂದು ಬೆರೆಸಿದೆವು. ಮೂರನೇ ದಿನಕ್ಕೆ ಪಾಲಕರು ಬಂದರು: ‘ನಮ್ಮ ಮಗೂನೇ ಯಾಕೆ ಅಲ್ಲಿ ಕೂರಿಸಿದ್ರಿ?’ ತಪ್ಪು ಇದ್ದದ್ದೇ ಅಲ್ಲಿ. ಮನುಷ್ಯರು ಜಾಗ ಆರಿಸಿದರೆ ಯಾರಿಗಾದರೂ ಅವಮಾನ ಅನ್ನಿಸುತ್ತದೆ. ಚೀಟಿ ಆರಿಸಿದರೆ ಯಾರನ್ನೂ ದೂರುವಂತಿಲ್ಲ.

ಲಗ್ನಪತ್ರಿಕೆಯ ರಟ್ಟಿನಲ್ಲಿ ಕತ್ತರಿಸಿದ ಚೀಟಿ ಹತ್ತು ದಿನವೂ ಬಾಳಲಿಲ್ಲ, ಕೈ ತೊಳೆದು ಬಂದ ಮಕ್ಕಳ ಒದ್ದೆ ಕೈಗೆ ಮುದ್ದೆಯಾಯಿತು. ಹಾಗಾಗಿ ಸೋಡಾ ಬಾಟಲಿಯ ತಗಡಿನ ಮುಚ್ಚಳಕ್ಕೆ ಬಂದೆವು. ಅಂಗಡಿಯವರು ಸುಮ್ಮನೆ ಕೊಡುತ್ತಾರೆ. ಅಂಚಿನ ಹಲ್ಲು ಕೈ ಕೊಯ್ಯುತ್ತದೆ. ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಪೂರ್ತಿ ಚಪ್ಪಟೆ ಮಾಡಿ ಅರದಿಂದ ಉಜ್ಜಬೇಕು. ಮೇಲಿನ ಅಚ್ಚನ್ನು ಎಮರಿ ಕಾಗದದಲ್ಲಿ ತಿಕ್ಕದೆ ಎನಾಮೆಲ್ ಬಳಿದರೆ ವಾರದಲ್ಲೇ ಬಣ್ಣ ಏಳುತ್ತದೆ. ಆರು ಬಣ್ಣ, ಬಣ್ಣಕ್ಕೆ ಒಂಬತ್ತರಂತೆ 54. ಕೊನೆಯದು ಶಿಕ್ಷಕರದು. ನಾವಿಬ್ಬರೂ ದಿನಕ್ಕೊಬ್ಬರಂತೆ ಮುಚ್ಚಳ ಎತ್ತಿ, ಬಂದ ಸಾಲಿನಲ್ಲೇ ಉಣ್ಣುತ್ತೇವೆ. ಶಿಕ್ಷಕರು ಹೀಗೆ ಜೊತೆಗೆ ಕೂರದಿದ್ದರೆ ಮಿಕ್ಕದ್ದೆಲ್ಲ ದಂಡ. ಬರೀ ಬಣ್ಣ ಸಾಲದು, ಕೆಂಪು-ಹಸಿರು ಗುರುತಿಸಲಾಗದ ಮಕ್ಕಳೂ ಇರುತ್ತಾರೆ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡಿನ ಲೋಗೋ ಹಾಗೆ ಎಲೆ, ಮೀನು, ಚಂದ್ರ ಬರೆದು ಅದೇ ಚಿತ್ರವನ್ನು ಜಗಲಿಯ ನೆಲದ ಮೇಲೂ ಬರೆದಿದ್ದೇವೆ. ಬಣ್ಣ, ಕುಂಚ, ಎಮರಿ ಸೇರಿ 450 ರೂಪಾಯಿ ಆಗಿರಬಹುದು.

ಹಾಜರಿ ಮುಗಿದ ಮೇಲೆ ಗೈರಾದವರ ಲೆಕ್ಕಕ್ಕೆ ಬೇರೆ ಬೇರೆ ಬಣ್ಣದಿಂದ ಒಂದೊಂದು ಮುಚ್ಚಳ ತೆಗೆದಿಡಿ, ಇಲ್ಲದಿದ್ದರೆ ಒಂದು ಸಾಲು ಖಾಲಿ ಹೊಡೆಯುತ್ತದೆ. ಮೊದಲ ವಾರ ಮುಚ್ಚಳ ಎತ್ತಿಸುವುದರಲ್ಲೇ ಇಪ್ಪತ್ತು ನಿಮಿಷ ಹೋಗಿ ಅನ್ನ ಆರುತ್ತಿತ್ತು. ಮಡಕೆಯನ್ನು ನಲ್ಲಿಯ ಪಕ್ಕಕ್ಕೆ ತಂದು, ಕೈ ತೊಳೆದವರು ತೊಳೆದ ಹಾಗೇ ಎತ್ತುವಂತೆ ಮಾಡಿದ ಮೇಲೆ ನಾಲ್ಕೈದು ನಿಮಿಷಕ್ಕೆ ಇಳಿಯಿತು. ಮಡಕೆಗೂ ಸಾಲಿಗೂ ಹತ್ತು ಹೆಜ್ಜೆಗಿಂತ ಹೆಚ್ಚು ದೂರವಿದ್ದರೆ ದಾರಿಯಲ್ಲೇ ಅದಲುಬದಲು. ಸಾಲಿನ ತುದಿಯ ಡಬ್ಬಕ್ಕೆ ಮುಚ್ಚಳ ಬಿದ್ದ ಮೇಲೆಯೇ ತಟ್ಟೆ. ಆ ದಿನ ಕಿತ್ತಾಡಿದ ಜೋಡಿ ಒಂದೇ ಸಾಲಿಗೆ ಬರುವಂತೆ ಹೇಗೆ ನೋಡಿಕೊಳ್ಳುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಐದನೇ ತರಗತಿಯವರು ಎಲ್ಲವನ್ನೂ ಓದುತ್ತಾರೆ.

ದೊಡ್ಡ ಖರ್ಚು ತಟ್ಟೆಯದು. ಮನೆಯಿಂದ ತಂದ ತಟ್ಟೆಯೇ ಯಾರು ಯಾರೆಂದು ಹೇಳಿಬಿಡುತ್ತದೆ. ಒಂದೇ ಅಳತೆಯ 60 ಸ್ಟೀಲ್ ತಟ್ಟೆಗೆ ಸುಮಾರು 4,200 ರೂಪಾಯಿ, ಹಳೆ ವಿದ್ಯಾರ್ಥಿಗಳು ಕೊಟ್ಟರು. ತಟ್ಟೆಗೆ ಹೆಸರು, ಸಂಖ್ಯೆ ಏನನ್ನೂ ಕೆತ್ತಿಸಬೇಡಿ. ‘ನನ್ನ ತಟ್ಟೆ’ ಶುರುವಾದರೆ ಮುಚ್ಚಳದಿಂದ ಪ್ರಯೋಜನವಿಲ್ಲ.

ಮೊಟ್ಟೆ ಕೊಡುವ ದಿನ ಎಲ್ಲ ಕೆಡುತ್ತಿತ್ತು. ಎಣಿಕೆಗೆ ಸುಲಭವೆಂದು ಬಡಿಸುವವರು ಮೊಟ್ಟೆಯವರನ್ನು ಒಂದು ಕಡೆ, ಬಾಳೆಹಣ್ಣು-ಚಿಕ್ಕಿಯವರನ್ನು ಒಂದು ಕಡೆ ಕೂರಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಹಳೇ ಪಂಕ್ತಿ ವಾಪಸ್. ಈಗ ಎಣಿಕೆ ಬೆಳಿಗ್ಗೆ ಹಾಜರಿಯಲ್ಲೇ ಮುಗಿಯುತ್ತದೆ. ಮೊಟ್ಟೆ ಸುಲಿದು, ಒಂದು ಬುಟ್ಟಿಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಹಣ್ಣು ಹಿಡಿದು ಒಂದೇ ಸಾಲಿನಲ್ಲಿ ‘ನಿಮಗೆ ಯಾವುದು?’ ಎಂದು ಕೇಳುತ್ತಾ ಹೋಗುತ್ತಾರೆ. ಸುಲಿದು ತಂದರೆ ಸಿಪ್ಪೆ ಪಕ್ಕದವರ ತಟ್ಟೆಗೆ ಹಾರುವುದಿಲ್ಲ; ಅಸಹ್ಯಪಡುವ ಮಕ್ಕಳ ಮುಕ್ಕಾಲು ತಕರಾರು ಆ ಸಿಪ್ಪೆಯದೇ ಆಗಿತ್ತು.

ಪಾಲಕರ ಸಭೆಯಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಓದಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಮನೆಗೆ ಹೋಗಿ ಮತ್ತೆ ದೂರಿದರು. ಮುಂದಿನ ಎಸ್‌ಡಿಎಂಸಿ (ಪಾಲಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯನ್ನು ಊಟದ ಹೊತ್ತಿಗಿಟ್ಟು ಪಾಲಕರ ಕೈಯಲ್ಲೂ ಮುಚ್ಚಳ ಎತ್ತಿಸಿದೆವು. ಇಬ್ಬರು ಉಣ್ಣದೆ ಎದ್ದು ಹೋದರು. ಉಳಿದ ಹದಿನೇಳೋ ಹದಿನೆಂಟೋ ಮಂದಿ ಮಕ್ಕಳ ಪಕ್ಕ ಕೂತು ಉಂಡರು. ದೂರು ನಿಂತದ್ದು ಅಂದಿನಿಂದ.

ಇದರ ಜೊತೆಗೇ, ಮಕ್ಕಳು ತಮ್ಮತಮ್ಮೊಳಗಿನ ದೂರು ಬರೆದು ಹಾಕಲೆಂದು ಡಬ್ಬ ಇಟ್ಟು ಸೋತೆವು. ಹೆಸರಿಲ್ಲದ ಚೀಟಿ ದಿನಕ್ಕೆ ಮೂವತ್ತರಷ್ಟು, ಬಹುಪಾಲು ಒಂದೇ ಮಗುವಿನ ಮೇಲೆ. ಈಗ ಡಬ್ಬ ತೆಗೆದು, ದೂರಿರುವ ಇಬ್ಬರನ್ನು ಶನಿವಾರ ಎದುರುಬದುರು ಕೂರಿಸುತ್ತೇವೆ: ಒಬ್ಬರು ಒಂದು ನಿಮಿಷ ಹೇಳಬೇಕು, ಇನ್ನೊಬ್ಬರು ಕೇಳಿದ್ದನ್ನು ಮೊದಲು ತಿರುಗಿ ಹೇಳಿ ಆಮೇಲೆ ತಮ್ಮ ಮಾತಾಡಬೇಕು. ನಿಮಿಷ ಅಳೆಯಲು ಸಣ್ಣ ತೂತಿನ ಮುಚ್ಚಳ ನಡುವೆ ಇಟ್ಟು ಎರಡು ಔಷಧಿ ಬಾಟಲಿ ಬಾಯಿಗೆ ಬಾಯಿ ಅಂಟಿಸಿ ಮರಳು ಗಡಿಯಾರ ಮಾಡಿದೆವು. ಹೊಳೆ ಮರಳು ತೇವಕ್ಕೆ ಕಟ್ಟಿಕೊಂಡಿತು. ರವೆಗೆ ಇರುವೆ ಬಂತು. ಮರಳನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಬಾಣಲೆಯಲ್ಲಿ ಹುರಿದು ತುಂಬಿದ ಮೇಲೆ ಸರಿಯಾಗಿ ಇಳಿಯುತ್ತಿದೆ. ಮಳೆಗಾಲದಲ್ಲಿ ಜೋಡಣೆಯ ಸುತ್ತ ಮೇಣ ಬಳಿಯಬೇಕು.

ಒಬ್ಬರನ್ನೊಬ್ಬರು ‘ಅವರೇ’ ಸೇರಿಸಿ ಕರೆಯಿರಿ ಎಂದದ್ದು ಎರಡೇ ದಿನಕ್ಕೆ ಅಣಕವಾಯಿತು, ಬಿಟ್ಟೆವು. ಅಡ್ಡಹೆಸರು, ಕೇರಿ ಹೆಸರು ಬೇಡ ಎನ್ನುವುದಷ್ಟೇ ಉಳಿಸಿಕೊಂಡೆವು. ಅಡುಗೆಯವರನ್ನು ಶಿಕ್ಷಕರು ‘ಬನ್ನಿ, ಕೂತ್ಕೊಳ್ಳಿ’ ಎನ್ನತೊಡಗಿದ ಮೇಲೆ ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ.

ಜಗಲಿ ಗುಡಿಸುವುದು, ಕುಡಿಯುವ ನೀರು ತುಂಬುವುದಕ್ಕೂ ಅದೇ ಮುಚ್ಚಳ. ಬಂದ ಬಣ್ಣದ ಸಾಲಿಗೆ ಆ ದಿನದ ಕೆಲಸ, ಶಿಕ್ಷಕರಿಗೂ ಸೇರಿ. ಶೌಚಾಲಯ ತೊಳೆಯುವುದನ್ನು ಮಾತ್ರ ಮಕ್ಕಳಿಗೆ ಎಂದೂ ಹಚ್ಚಬಾರದು. ತಡವಾಗಿ ಬಂದವರಿಗೆ ಶಿಕ್ಷೆಯೆಂದು ಒಂದೇ ಒಂದು ದಿನ ಪೊರಕೆ ಕೊಟ್ಟದ್ದಕ್ಕೆ ‘ಗುಡಿಸೋದು ಕೀಳು ಕೆಲಸ’ ಎಂಬ ಮಾತು ಮರಳಿ ಬಂದು, ಅಳಿಸಲು ಒಂದು ತಿಂಗಳಾಯಿತು.