ಗೀಸರ್ ನೀರು ಬೇಗ ಕಾಯುತ್ತಿಲ್ಲವೇ? ವೋಲ್ಟ್, ಆಂಪಿಯರ್ ಅಳೆದು ರೋಧ, ವ್ಯಾಟ್ ಲೆಕ್ಕ ಹಾಕಿ

ಗೀಸರ್ ಲೇಬಲ್ ಮೇಲೆ 2000 ವ್ಯಾಟ್ ಎಂದಿದ್ದರೆ ಅದು 230 ವೋಲ್ಟ್ ಸಿಕ್ಕಾಗಿನ ಮಾತು. ವೋಲ್ಟೇಜ್ ಶೇ. 10 ಇಳಿದರೆ ವ್ಯಾಟ್ ಶೇ. 19 ಇಳಿಯುತ್ತದೆ. ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ಒಳಗಿನ ಕಾಯಿಲ್‌ನ ರೋಧ (ಕರೆಂಟಿಗೆ ಅದು ಒಡ್ಡುವ ತಡೆ, ಅಳತೆ ಓಮ್) ಮಾತ್ರ. ಹಾಗಾಗಿ ಮೊದಲು ರೋಧ ಕಂಡುಹಿಡಿಯಿರಿ. ತೊಂದರೆ ಇರುವುದು ಕಾಯಿಲ್‌ನಲ್ಲೋ, ಮನೆಯ ವೈರಿಂಗ್‌ನಲ್ಲೋ, ಹೊರಗಿನ ಲೈನ್‌ನಲ್ಲೋ ಎನ್ನುವುದು ಅಲ್ಲಿಂದ ತಿಳಿಯುತ್ತದೆ.

ಬೇಕಾಗುವ ಸೂತ್ರಗಳು ಇಷ್ಟೇ:

ಓಮ್ = ವೋಲ್ಟ್ ÷ ಆಂಪಿಯರ್
ವ್ಯಾಟ್ = ವೋಲ್ಟ್ × ಆಂಪಿಯರ್
ವ್ಯಾಟ್ = ಆಂಪಿಯರ್ × ಆಂಪಿಯರ್ × ಓಮ್
ಓಮ್ = ವೋಲ್ಟ್ × ವೋಲ್ಟ್ ÷ ವ್ಯಾಟ್

ಲೇಬಲ್ ಪ್ರಕಾರ ಕಾಯಿಲ್‌ನ ರೋಧ ಎಷ್ಟಿರಬೇಕು? 230 × 230 ÷ 2000 = 26.45 ಓಮ್. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಅಳೆಯುವುದು ಹೀಗೆ. ಎಂಸಿಬಿ (ಆಂಪಿಯರ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು ಗೀಸರ್ ಕವರ್ ಬಿಚ್ಚಿ. ಫೇಸ್ ಮತ್ತು ನ್ಯೂಟ್ರಲ್ ಒಳಬರುವ ಟರ್ಮಿನಲ್‌ಗೆ ಮಲ್ಟಿಮೀಟರಿನ ಕ್ರೊಕೊಡೈಲ್ ಕ್ಲಿಪ್ ಹಾಕಿ, ಎಸಿ ವೋಲ್ಟ್‌ಗೆ ತಿರುಗಿಸಿಡಿ. ಫೇಸ್ ವೈರ್ ಒಂದನ್ನೇ ಕ್ಲ್ಯಾಂಪ್ ಮೀಟರಿನ (ವೈರ್ ಬಿಚ್ಚದೆ ಸುತ್ತ ಹಿಡಿದು ಆಂಪಿಯರ್ ಅಳೆಯುವ ಮೀಟರ್) ಬಾಯೊಳಗೆ ಹಾಯಿಸಿ. ಎರಡೂ ವೈರ್ ಇರುವ ಇಡೀ ಕೇಬಲ್ ಹಿಡಿದರೆ ಹೋಗುವುದೂ ಬರುವುದೂ ಒಂದನ್ನೊಂದು ಕಳೆದು ಮೀಟರ್ ಸೊನ್ನೆ ತೋರಿಸುತ್ತದೆ. ಆಮೇಲೆ ಎಂಸಿಬಿ ಆನ್ ಮಾಡಿ, ಏನನ್ನೂ ಮುಟ್ಟದೆ ಎರಡೂ ಮೀಟರ್ ಓದಿ. ಒದ್ದೆ ನೆಲದಲ್ಲಿ ನಿಂತು ಈ ಕೆಲಸ ಬೇಡವೇ ಬೇಡ. ಇಂಥ ಕೆಲಸದ ರೂಢಿ ಇಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಅಂಕಿ ಮಾತ್ರ ಬರೆದುಕೊಳ್ಳಿ.

ಮಲ್ಟಿಮೀಟರಿನ ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲೇ ಉಳಿದಿರುವಾಗ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್ ಸರ್ಕ್ಯೂಟ್. ಪ್ರತಿ ಸಲ ಕ್ಲಿಪ್ ಹಾಕುವ ಮುಂಚೆ ಆ ತೂತು ನೋಡಿ. ಆ 10 ಆಂಪಿಯರ್ ರೇಂಜ್ ಬಹುತೇಕ ಮೀಟರ್‌ಗಳಲ್ಲಿ ಕೆಲವೇ ಸೆಕೆಂಡು ತಡೆಯುವಂಥದ್ದು. ಗೀಸರ್‌ಗೆ ಕ್ಲ್ಯಾಂಪ್ ಮೀಟರೇ ಸರಿ.

ಗೀಸರ್ ಕಾಯುತ್ತಿರುವಾಗ 204 ವೋಲ್ಟ್, 7.7 ಆಂಪಿಯರ್ ಬಂತು ಎನ್ನಿ. ರೋಧ 204 ÷ 7.7 = 26.5 ಓಮ್, ಲೇಬಲ್‌ನ ಲೆಕ್ಕಕ್ಕೆ ಸರಿಯಾಗಿ ಕೂತಿದೆ, ಕಾಯಿಲ್ ಚೆನ್ನಾಗಿದೆ. ವ್ಯಾಟ್ 204 × 7.7 = 1571. 15 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೇರಲು 2000 ವ್ಯಾಟ್‌ನಲ್ಲಿ ಸುಮಾರು 16 ನಿಮಿಷ ಸಾಕು, 1571ರಲ್ಲಿ 20 ನಿಮಿಷ ಬೇಕು. ಹೊಸ ಕಾಯಿಲ್ ಹಾಕಿಸಿದರೂ ಈ 4 ನಿಮಿಷ ವಾಪಸ್ ಬರುವುದಿಲ್ಲ.

ಹಾಗಾದರೆ ವೋಲ್ಟ್ ಎಲ್ಲಿ ಹೋಯಿತು? ಕ್ಲಿಪ್ ಹಾಗೇ ಇರಲಿ. ನೀರು ಕಾದು ಥರ್ಮೋಸ್ಟಾಟ್ ಕಟ್ ಆಗುವ ಕ್ಷಣ ಮೀಟರ್ ಮೇಲೆ ಕಣ್ಣಿಡಿ. 204ರಿಂದ 216ಕ್ಕೆ ಜಿಗಿದರೆ, ಆ 12 ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು ಎಂದರ್ಥ. ಇದೇ ಜಿಗಿತವನ್ನು ಮೇನ್ ಬೋರ್ಡ್‌ನಲ್ಲೂ ನೋಡಿ. ಅಲ್ಲಿ 213ರಿಂದ 216 ಆದರೆ 3 ವೋಲ್ಟ್ ಹೊರಗಿನ ಲೈನ್‌ನದು, ಉಳಿದ 9 ಮನೆಯೊಳಗಿನದು. ಲೈನ್ ವೋಲ್ಟೇಜ್ ತಾನೇ ಏರಿಳಿಯುವುದರಿಂದ ಎರಡು ಮೂರು ಸಲ ನೋಡಿಯೇ ನಂಬಿ.

ಮನೆಯೊಳಗಿನ ದಾರಿಯ ರೋಧ 9 ÷ 7.7 = 1.17 ಓಮ್. ಈಗ ವೈರಿನ ಪಾಲು ಕಳೆಯಿರಿ. ಅಂಗಡಿಯವರು ಎರಡೂವರೆ ಎಂಎಂ ಎನ್ನುವ 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಬೋರ್ಡ್‌ನಿಂದ ಗೀಸರ್‌ಗೆ 12 ಮೀಟರ್ ಇದ್ದರೆ ಹೋಗಿಬರುವ 24 ಮೀಟರ್ ಲೆಕ್ಕ ಹಿಡಿಯಬೇಕು. ಇಲ್ಲಿ ಎಡವುವವರೇ ಹೆಚ್ಚು. ಬಂದದ್ದು 0.18 ಓಮ್. ಮಿಕ್ಕ 1 ಓಮ್ ಯಾವುದೋ ಸಡಿಲ ಸ್ಕ್ರೂನಲ್ಲಿ, ಸುಟ್ಟ ಸಾಕೆಟ್‌ನಲ್ಲಿ, ಟೇಪ್ ಸುತ್ತಿದ ಜಾಯಿಂಟ್‌ನಲ್ಲಿ ಕೂತಿದೆ. ಅಲ್ಲಿನ ಶಾಖ 7.7 × 7.7 × 1, ಅಂದರೆ 59 ವ್ಯಾಟ್. ಎರಡು ಸೋಲ್ಡರಿಂಗ್ ಐರನ್‌ನಷ್ಟು ಬಿಸಿ ಒಂದು ಪ್ಲಾಸ್ಟಿಕ್ ಸಾಕೆಟ್ ಒಳಗೆ! ಪ್ಲಗ್ ಪಿನ್ ಕಪ್ಪಗಾಗುವುದು, ಸಾಕೆಟ್ ಕರಗುವುದು ಇದರಿಂದಲೇ. ಇಂಥ ಕಡೆ ಎಂಸಿಬಿಯನ್ನು ನೆಚ್ಚಿಕೊಳ್ಳಬೇಡಿ. ಆಂಪಿಯರ್ ಏರಿಲ್ಲವಾದ್ದರಿಂದ ಅದು ಟ್ರಿಪ್ ಆಗುವುದಿಲ್ಲ. ಕಪ್ಪಗಾದ ಸಾಕೆಟ್‌ನ ಸ್ಕ್ರೂ ಬಿಗಿ ಮಾಡಿ ಬಿಡಬೇಡಿ, ಒಳಗಿನ ಪತ್ತಿಯ ಹಿಡಿತ ಹೋಗಿರುತ್ತದೆ. 16 ಆಂಪಿಯರ್‌ನ ಹೊಸದೇ ಹಾಕಿ. ವೈರಿನ ಸುಟ್ಟ ತುದಿಯನ್ನೂ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ. ಮತ್ತೆ ಅಳೆದಾಗ ಮನೆಯೊಳಗಿನ ನಷ್ಟ ಒಂದೂವರೆ ವೋಲ್ಟ್ ಆಸುಪಾಸಿಗೆ ಇಳಿದಿರಬೇಕು.

ಮೊದಲ ಲೆಕ್ಕದಲ್ಲೇ ರೋಧ 26ರ ಬದಲು 50ರ ಹತ್ತಿರ ಬಂದರೆ ತಪ್ಪು ಕಾಯಿಲ್ ಕೂತಿದೆ, ಇಲ್ಲವೇ ಎರಡು ಕಾಯಿಲ್‌ನ ಗೀಸರ್‌ನಲ್ಲಿ ಒಂದು ಕಟ್ ಆಗಿದೆ. ಕಾಯಿಲ್ ಅನ್ನೇ ಓಮ್ ರೇಂಜ್‌ನಲ್ಲಿ ನೋಡಬೇಕಾದರೆ ಕರೆಂಟ್ ತೆಗೆದು, ಅದರ ಎರಡೂ ವೈರ್ ಬಿಚ್ಚಿಯೇ ನೋಡಿ. ಕಾಯಿಲ್‌ಗೂ ಗೀಸರ್ ಬಾಡಿಗೂ ನಡುವೆ ರೀಡಿಂಗ್ ಬಂದರೆ ಆ ಕಾಯಿಲ್ ಬಳಸಲೇಬೇಡಿ. ರೀಡಿಂಗ್ ಬರಲಿಲ್ಲವೆಂದರೂ ಪೂರ್ತಿ ನಿಶ್ಚಿಂತೆ ಇಲ್ಲ; ಲೀಕೇಜ್ ಖಾತ್ರಿಗೆ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಬೇಕು.

ಇಸ್ತ್ರಿಪೆಟ್ಟಿಗೆ, ಇಮ್ಮರ್ಶನ್ ರಾಡ್‌ಗೂ ಇದೇ ಲೆಕ್ಕ. ಹಳೆಯ ತಂತಿ ಬಲ್ಬಿಗೆ ಹಾಗಲ್ಲ: 60 ವ್ಯಾಟ್ ಬಲ್ಬಿನ ರೋಧ ಉರಿಯುವಾಗ ಸುಮಾರು 880 ಓಮ್, ತಣ್ಣಗಿರುವಾಗ ಅದರ ಹತ್ತನೇ ಒಂದಕ್ಕಿಂತಲೂ ಕಡಿಮೆ. ಮಿಕ್ಸಿ, ಫ್ರಿಜ್, ಪಂಪ್‌ಸೆಟ್‌ನಂಥ ಮೋಟಾರುಗಳಲ್ಲಿ ವೋಲ್ಟ್ × ಆಂಪಿಯರ್ ಗುಣಿಸಿದ ಉತ್ತರ ವ್ಯಾಟ್ ಅಲ್ಲ, ವಿಎ (ವೋಲ್ಟ್-ಆಂಪಿಯರ್). ಅದನ್ನು, ಅದರಲ್ಲಿ ಎಷ್ಟು ಪಾಲು ನಿಜವಾದ ವ್ಯಾಟ್ ಎಂದು ಹೇಳುವ ಪವರ್ ಫ್ಯಾಕ್ಟರ್‌ನಿಂದ ಗುಣಿಸಬೇಕು. 230 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುವ ಪಂಪ್‌ನ ಪವರ್ ಫ್ಯಾಕ್ಟರ್ 0.8 ಇದ್ದರೆ ಅದು ಬಳಸುವುದು 1150 ಅಲ್ಲ, 920 ವ್ಯಾಟ್.