ಅಮ್ಮ ಪೇಪರ್ ಓದಲೆಂದು ಹೆಡ್‌ಸೆಟ್‌ನ ಕ್ಯಾಮೆರಾ

ಅಮ್ಮನಿಗೆ ವಯಸ್ಸಿನ ಜೊತೆ ಬಂದ ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ತೊಂದರೆ. ನೋಟದ ನಟ್ಟನಡುವೆ ಒಂದು ಮಬ್ಬು ಕಲೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರವಾಗಿ ನೋಡಿದ್ದೇ ಕಾಣುವುದಿಲ್ಲ. ಮನೆಯಲ್ಲಿ ಓಡಾಡಿಕೊಂಡಿದ್ದಾರೆ, ಅಡುಗೆ ಮಾಡುತ್ತಾರೆ. ಬೆಳಗಿನ ಪೇಪರ್ ಮಾತ್ರ ತಪ್ಪಿಹೋಗಿತ್ತು. ನಾವು ಓದಿ ಹೇಳಿದರೆ ಅವರಿಗೆ ಸಮಾಧಾನ ಇಲ್ಲ. ತಾವೇ ಓದಬೇಕು.

ನನ್ನ ಕೆಲಸ ಯೂನಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಿಆರ್, ಅಂದರೆ ಕಣ್ಣಿಗೆ ಹಾಕಿಕೊಳ್ಳುವ ಹೆಡ್‌ಸೆಟ್‌ನ, ಆ್ಯಪ್ ಬರೆಯುವುದು. 2016ರ ಎಚ್‌ಟಿಸಿ ವೈವ್ ಹೆಡ್‌ಸೆಟ್‌ನಲ್ಲೇ ಮುಂದೆ ಒಂದು ಕ್ಯಾಮೆರಾ ಇತ್ತು. ಕುರ್ಚಿ ಎಲ್ಲಿದೆ ಅಂತ ಇಣುಕಿ ನೋಡೋದಕ್ಕೆ ಅದು ಸಾಕಾಗುತ್ತಿತ್ತು. 2023ರಲ್ಲಿ ಮೆಟಾ ಕಂಪನಿ ತಂದ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ಬಣ್ಣದ ಚಿತ್ರ ಕೊಡುವ ಎರಡು ಕ್ಯಾಮೆರಾ ಬಂದವು. ಆದರೂ ಆ ಚಿತ್ರ ನಮ್ಮ ಆ್ಯಪ್ ಕೈಗೆ ಸಿಗುತ್ತಿರಲಿಲ್ಲ. ಸಿಸ್ಟಮ್ ಅದನ್ನು ಆ್ಯಪ್‌ನ ಹಿನ್ನೆಲೆಯಲ್ಲಿ ತೋರಿಸುತ್ತಿತ್ತು, ಅಷ್ಟೇ. 2025ರಲ್ಲಿ ಮೆಟಾ ಅದನ್ನು ಡೆವಲಪರ್‌ಗಳಿಗೆ ತೆರೆಯಿತು. ಬಳಸುವವರು ಅನುಮತಿ ಕೊಟ್ಟರೆ 1280×960 ಪಿಕ್ಸೆಲ್ ಚಿತ್ರ, ಸೆಕೆಂಡಿಗೆ 30 ಸಲ. ಅವತ್ತು ಸಂಜೆಯೇ ಕೂತೆ.

ಮೊದಲು ಮಾಡಿದ್ದು ಸುಮ್ನೆ ಒಂದು ಭೂತಗನ್ನಡಿ. ಕ್ಯಾಮೆರಾ ಕಂಡದ್ದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಕಣ್ಣೆದುರು ಇಟ್ಟೆ. ಅಮ್ಮ ಎರಡೇ ನಿಮಿಷಕ್ಕೆ ತೆಗೆದಿಟ್ಟರು. ತಲೆ ಸುತ್ತುತ್ತದೆ ಅಂದರು. ತಲೆ ಚೂರು ಅಲ್ಲಾಡಿದರೂ ಚಿತ್ರ ನಾಲ್ಕು ಪಟ್ಟು ಓಡುತ್ತದೆ. ಸಾಲದ್ದಕ್ಕೆ ಚಿತ್ರ ಆ್ಯಪ್‌ಗೆ ಬರುವಷ್ಟರಲ್ಲಿ ಸುಮಾರು 40ರಿಂದ 60 ಮಿಲಿಸೆಕೆಂಡ್ ಕಳೆದಿರುತ್ತದೆ.

ಹಾಗಾಗಿ ಚಿತ್ರವನ್ನು ನಿಲ್ಲಿಸಿಬಿಟ್ಟೆ. ಪೇಪರ್ ಹಿಡಿದು, ಹೆಬ್ಬೆರಳು ತೋರುಬೆರಳು ಸೇರಿಸಿದರೆ ಒಂದು ಫೋಟೊ. ಅದನ್ನು ದೊಡ್ಡ ಹಲಗೆಯ ಹಾಗೆ ಎದುರಿಗೆ ತೂಗುಹಾಕುತ್ತೇನೆ. ಹಲಗೆ ತಲೆಯ ಜೊತೆ ತಿರುಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಇದು ನನಗೆ ಹೊಳೆದದ್ದಲ್ಲ. ಅಮ್ಮ ಟಿವಿ ನೋಡುವಾಗ ಮುಖವನ್ನು ಒಂದು ಪಕ್ಕಕ್ಕೆ ಓರೆ ಮಾಡಿ ಕೂರುತ್ತಾರೆ, ಅದನ್ನು ದಿನಾ ನೋಡುತ್ತಿದ್ದೆ. ನಡುವಿನ ಕಲೆಯನ್ನು ತಪ್ಪಿಸಿ ಪಕ್ಕದ ನೋಟಕ್ಕೆ ಚಿತ್ರ ಬೀಳಿಸಿಕೊಳ್ಳುವ ಉಪಾಯ ಅದು. ಚಿತ್ರವನ್ನು ತಲೆಗೇ ಅಂಟಿಸಿದರೆ ಆ ಉಪಾಯ ಕೈಕೊಡುತ್ತದೆ, ಅಲ್ವಾ?

ಇನ್ನು ಅಕ್ಷರ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಅಮ್ಮನಿಗೆ ಹಿತ. ಇಡೀ ಪುಟಕ್ಕೆ ಬೆಳಕಿನ ಒಂದೇ ಮಟ್ಟ ಇಟ್ಟು ಕಪ್ಪು ಯಾವುದು, ಬಿಳಿ ಯಾವುದು ಅಂತ ಬೇರೆ ಮಾಡಿದೆ. ನೆರಳು ಬಿದ್ದ ಕಡೆ ಅರ್ಧ ಕಾಲಂ ಮಾಯ. ಆಮೇಲೆ ಪ್ರತಿ ಪಿಕ್ಸೆಲ್ಲನ್ನು ಅದರ ಅಕ್ಕಪಕ್ಕದ ಸರಾಸರಿಗೆ ಹೋಲಿಸಿದೆ, ನೆರಳಿನ ಕಾಟ ಹೋಯಿತು. ಆಗ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. "ಸಹಾಯಧನ" ಅನ್ನುವುದು "ಸಹಾಯದನ" ಆಗಿತ್ತು. ಧ ಅಕ್ಷರದ ಕೆಳಗಿನ ಸಣ್ಣ ಸೀಳು ಮುಚ್ಚಿಹೋಗಿತ್ತು. ಫ, ಢ, ಭ ಎಲ್ಲದರದ್ದೂ ಅದೇ ಪಾಡು. ಇಂಗ್ಲಿಷ್ ಪುಟದ ಮೇಲೆ ಮಾತ್ರ ಪರೀಕ್ಷೆ ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮೊದಲು ಚಿತ್ರವನ್ನು ಹಿಗ್ಗಿಸಿ, ಆಮೇಲೆ ಕಪ್ಪು-ಬಿಳುಪು ಮಾಡಿದೆ. ಸೀಳು ಬಹಳಷ್ಟು ಕಡೆ ಉಳಿಯಿತು. ಒತ್ತಕ್ಷರಗಳು ಈಗಲೂ ಅಲ್ಲಲ್ಲಿ ಕಲಸಿಕೊಳ್ಳುತ್ತವೆ.

ಬೆಳಕು ಮುಖ್ಯ. ಟ್ಯೂಬ್‌ಲೈಟ್ ಕೆಳಗೆ ಅಕ್ಷರದ ಅಂಚು ಕಾಳುಕಾಳಾಗುತ್ತದೆ. ಕಿಟಕಿ ಪಕ್ಕ ಕೂತರೆ ಸ್ಪಷ್ಟ. ಹೆಡ್‌ಸೆಟ್ ತೂಕ 515 ಗ್ರಾಂ, ಅಮ್ಮನ ಕುತ್ತಿಗೆಗೆ ಇಪ್ಪತ್ತು ನಿಮಿಷ ಸಾಕು. ಫೋಟೊ ಯಾವುದನ್ನೂ ಉಳಿಸುವುದಿಲ್ಲ. ಹೊಸದು ತೆಗೆದ ಕೂಡಲೇ ಹಳೆಯದು ಅಳಿದುಹೋಗುತ್ತದೆ. ಕ್ಯಾಮೆರಾ ಎದುರಿಗೆ ಮನೆಗೆ ಬಂದವರೂ ಇರುತ್ತಾರಲ್ಲ.

ಅಕ್ಕಿ ಆರಿಸಲು ಮಾತ್ರ ಇದು ಆಗಲಿಲ್ಲ. ಅಮ್ಮ ಆಸೆಯಿಂದ ಮೊರ ಹಿಡಿದು ಕೂತಿದ್ದರು. ಕಲ್ಲು ಕೆಲವೇ ಪಿಕ್ಸೆಲ್ ಅಗಲ, ಕೈ ಮುಂದೆ ಹೋದರೆ ಚಿತ್ರ ಹಿಂದೆ. ಅಕ್ಕಿ ಕೆಲಸವನ್ನು ಅವರು ಬೆರಳಿನ ಸ್ಪರ್ಶದಲ್ಲೇ ಮಾಡುತ್ತಾರೆ.

ಪೇಪರ್ ಮಾತ್ರ ಈಗ ದಿನಾ ನಡೆಯುತ್ತದೆ. ಮೊದಲು ತಲೆಬರಹ, ಆಮೇಲೆ ನಿಧನ ವಾರ್ತೆ. ನಿನ್ನೆ ಹಲಗೆಯನ್ನು ಚೂರು ಎಡಕ್ಕೆ, ಇನ್ನೂ ಚೂರು ಮೇಲಕ್ಕೆ ಇಡು ಅಂದರು. ಇವತ್ತು ಅದನ್ನೇ ಸರಿಮಾಡುತ್ತಿದ್ದೇನೆ.